ಪುದಿಯಾಪ್ಲೆಗೆ ಗುಂಡು ಹೊಡೆಯುವ ಕ್ರಮ

ಹೊಸ ಅಳಿಯನನ್ನು ಖುಷಿಯಾಗಿಡುವುದು ದೊಡ್ಡ ವಿದ್ಯೆಯೇನಲ್ಲ ಎಂದು ನಾನು ತಿಳಿದಿದ್ದೆ. ನಾನೂ ಒಂದು ಕಾಲದಲ್ಲಿ ಹೊಸ ಅಳಿಯನಾಗಿದ್ದವನೇ. ಕನ್ಯಾನದ ಮಾವನ ಮನೆಯಲ್ಲಿ ಕುಳಿತು ತಿಂದು, ತಿಂದು ಕುಳಿತು, ಯಾವ ತಕರಾರೂ ಇಲ್ಲದೆ ಹೊರಬಂದವನು. ಹಾಗಾಗಿ ತಂಗಿ ನಸೀಮಾಳ ಮದುವೆ ಮುಗಿದು, ಮೂಡುಬಿದಿರೆಯ ಅಳಿಯ ನೌಫಲ್ ಫರಂಗಿಪೇಟೆಯ ನಮ್ಮ ಮನೆಗೆ ಬಂದಾಗ, "ಇವರ ಜವಾಬ್ದಾರಿ ನನಗೆ ಬಿಡಿ" ಎಂದು ಘೋಷಿಸಿದೆ.

ಬಿಟ್ಟರು. ಎಡವಟ್ಟು ಅಲ್ಲಿಂದಲೇ ಶುರು!

ಇದು ನಡೆದದ್ದು ಎರಡು ಸಾವಿರದ ಏಳರಲ್ಲೋ ಎಂಟರಲ್ಲೋ. ಆ ದಿನ ಮೋಡವಿತ್ತು ಎಂದು ನನ್ನ ನೆನಪು. ಕಣ್ಣು ಬಿಡಲಾಗದ ಬಿಸಿಲಿತ್ತು ಎಂದು ಹೆಂಡತಿ ಸಫಿಯಾಳ ನೆನಪು. ಬಯಲಿನಲ್ಲಿದ್ದವನು ನಾನು, ಮನೆಯೊಳಗಿದ್ದವಳು ಅವಳು. ಆದರೂ ಅವಳದ್ದೇ ಸರಿಯಿರುವ ಸಂಭವ ಹೆಚ್ಚು. ಬರೆಯುತ್ತಿರುವವನು ನಾನಾದ್ದರಿಂದ ಸದ್ಯಕ್ಕೆ ಮೋಡವೇ ಇರಲಿ.

ನಮ್ಮ ಬ್ಯಾರಿಗಳಲ್ಲಿ ಹೊಸ ಅಳಿಯನಿಗೆ ಪುದಿಯಾಪ್ಲೆ ಎನ್ನುತ್ತಾರೆ. ಪುದಿಯಾಪ್ಲೆ ಎಂದರೆ ಮನುಷ್ಯನಲ್ಲ, ಅದೊಂದು ಪದವಿ. ಅವನು ಒಳಗೆ ಬಂದರೆ ಕುಳಿತವರೆಲ್ಲ ಏಳಬೇಕು. ಅವನು ಎದ್ದರೆ ನಾಲ್ಕು ದಿಕ್ಕಿನಿಂದ "ಎಂತ ಬೇಕು?" ಎಂದು ಕೇಳಬೇಕು. ಕೈ ತೊಳೆಯಲು ಹೋದರೆ ಹಿಂದಿನಿಂದ ಒಬ್ಬರು ಬೈರಾಸು ಹಿಡಿದು ನಿಂತು, ಒರೆಸಿಕೊಳ್ಳಲು ಕೊಡಬೇಕು. ಅವನು "ಸಾಕು" ಎಂದರೆ ಅದು "ಇನ್ನೂ ಸ್ವಲ್ಪ ಹಾಕಿ" ಎಂಬುದರ ಸಭ್ಯ ರೂಪ ಎಂದು ತಿಳಿದು ಬಡಿಸಬೇಕು. ನೌಫಲ್ ಬಂದಂದಿನಿಂದ ನನ್ನ ತಾಯಿ, ಉಮ್ಮ, ಅಡುಗೆಮನೆ ಬಿಟ್ಟು ಹೊರಬಂದಿರಲಿಲ್ಲ; ಅವನು ಊಟದ ಮೇಜು ಬಿಟ್ಟು ಹೊರಬಂದಿರಲಿಲ್ಲ. ಹಿತ್ತಲಿನಲ್ಲಿ ಕೋಳಿಗಳ ಸದ್ದು ಕಡಿಮೆಯಾಗುತ್ತ ಹೋದಂತೆ ಅವನ ಮಾತೂ ಕಡಿಮೆಯಾಗುತ್ತ ಹೋಯಿತು.

ಇದೆಲ್ಲದರ ಮೇಲ್ವಿಚಾರಕರು ಅದ್ದು ಮಾಮ, ಉಮ್ಮನ ಅಣ್ಣ. ಮರದ ವ್ಯಾಪಾರ ಬಿಟ್ಟ ಮೇಲೆ ಅವರಿಗೆ ಉಳಿದ ಏಕೈಕ ವ್ಯವಹಾರವೆಂದರೆ ಕುಟುಂಬದ ಮರ್ಯಾದೆ. ಪುದಿಯಾಪ್ಲೆ ಎಲ್ಲಿಗೆ ಹೋದರೂ ಒಬ್ಬ ಹಿರಿಯ ಜೊತೆಗಿರಬೇಕು ಎಂಬುದು ಅವರ ಕಾನೂನು. ನೌಫಲ್ ಕ್ಷೌರಕ್ಕೆ ಹೋದಾಗಲೂ ಮಾಮ ಪಕ್ಕದ ಕುರ್ಚಿಯಲ್ಲಿ ಕುಳಿತು, ಕತ್ತರಿ ಕಿವಿಯ ಹತ್ತಿರ ಬಂದಾಗಲೆಲ್ಲ ಕೆಮ್ಮುತ್ತಿದ್ದರಂತೆ.

ಒಂದು ಬೆಳಿಗ್ಗೆ ನಾನು ಬಿ.ಸಿ. ರೋಡಿನ ನನ್ನ ಹಾರ್ಡ್‌ವೇರ್ ಅಂಗಡಿಗೆ ಹೊರಟಿದ್ದೆ. ನಸೀಮಾ ಬಾಗಿಲಿಗೆ ಅಡ್ಡ ನಿಂತಳು. ಕಣ್ಣು ಕೆಂಪಾಗಿತ್ತು.

"ಅಣ್ಣ, ಇವರು ಟಿಕೇಟಿನ ತಾರೀಕು ಬದಲಾಯಿಸ್ತಾರಂತೆ. ಈ ವಾರವೇ ದುಬೈಗೆ ಹೋಗ್ತಾರಂತೆ."

"ರಜೆ ಇನ್ನೂ ಉಂಟಲ್ಲ?"

"ಆಫೀಸಿನಲ್ಲಿ ಅರ್ಜೆಂಟ್ ಅಂತೆ."

"ಮತ್ತೆಂತ? ಆಫೀಸಿನವರು ಕರೆದರೆ ಹೋಗಬೇಕಲ್ಲ."

"ಯಾರು ಕರೆದದ್ದು? ಒಂದು ಫೋನು ಬರಲಿಲ್ಲ! ನಾನು ಪಕ್ಕದಲ್ಲೇ ಇದ್ದೇನಲ್ಲ?" ಅವಳ ಸ್ವರ ಏರಿತು. "ನನ್ನ ವೀಸಾ ಯಾವಾಗ ಆಗ್ತದೋ ದೇವರಿಗೇ ಗೊತ್ತು. ಒಟ್ಟಿಗೆ ಇರ್ಲಿಕ್ಕೆ ಇರುವುದೇ ಈ ಎರಡು ವಾರ. ಅದನ್ನೂ ನೀವೆಲ್ಲ ಸೇರಿ ಕೋಳಿ ತಿನ್ನಿಸಿ ಓಡಿಸ್ತಾ ಇದ್ದೀರಿ!"

ತಂಗಿ ನನ್ನೆದುರು ಅತ್ತದ್ದು ಕಡಿಮೆ. "ಅಳಬೇಡ, ನಾನಿದ್ದೇನೆ. ಅವರಿಗೆ ಎಂತ ಇಷ್ಟ, ಹೇಳು."

"ಅಲ್ಲಿ ರಜೆಯ ದಿನ ಪೇಂಟ್‌ಬಾಲ್ ಆಡ್ತಾರಂತೆ. ಟೂರ್ನಮೆಂಟು. ಕಪ್ ಕೂಡ ಗೆದ್ದಿದ್ದಾರಂತೆ."

ಪೇಂಟು ನನ್ನ ಅಂಗಡಿಯಲ್ಲೇ ಉಂಟು. ಬಾಲು ಪಕ್ಕದ ಅಂಗಡಿಯಲ್ಲಿ ಉಂಟು. ಹೆದರುವಂಥದ್ದೇನೂ ನನಗೆ ಕಾಣಲಿಲ್ಲ!

ಅದೂ ಅಲ್ಲದೆ ನನ್ನ ಗಿರಾಕಿ ಕೇಶವಣ್ಣ ಇದ್ದರು. ಬೆಳ್ತಂಗಡಿಯಿಂದ ಒಳಗೆ ಅವರದ್ದು ರಬ್ಬರ್ ತೋಟ. ಎಲ್ಲೋ ಮುಚ್ಚಿಹೋದ ರೆಸಾರ್ಟಿನಿಂದ ಒಂದಷ್ಟು ಪೇಂಟ್‌ಬಾಲ್ ಕೋವಿ ತಂದು, ಕಾಲೇಜು ಹುಡುಗರಿಗೆ ತೋಟದಲ್ಲೇ ಆಡಿಸುತ್ತಿದ್ದರು. ಗಾಳಿಯ ಒತ್ತಡದಲ್ಲಿ ಗೋಲಿಯಷ್ಟು ದೊಡ್ಡ ಬಣ್ಣದ ಗುಂಡು ಹಾರುತ್ತದೆ. ಮೈಗೆ ಬಿದ್ದು ಒಡೆದರೆ ಬಿದ್ದವನು ಔಟ್. ಫೋನು ಮಾಡಿದೆ.

"ಬನ್ನಿ ಹಮೀದಾಕ, ಭಾನುವಾರ ಬನ್ನಿ," ಎಂದರು ಕೇಶವಣ್ಣ. "ಭಾರೀ ಸುಲಭ. ಮರದ ಹಿಂದೆ ನಿಲ್ಲುವುದು, ಹೊಡೆಯುವುದು, ಬೇಜಾರಾದರೆ ಚಾ ಕುಡಿಯುವುದು."

ಭಾನುವಾರ ನಮ್ಮ ಜೀಪು ಹೊರಟಿತು. ಮುಂದಿನ ಸೀಟಿನಲ್ಲಿ ನೌಫಲ್. ಹಿಂದೆ ಸಫಿಯಾಳ ಇಬ್ಬರು ತಮ್ಮಂದಿರು ಮತ್ತು ಅದ್ದು ಮಾಮ. ಮಾಮನ ಎರಡು ಮೊಣಕಾಲುಗಳ ನಡುವೆ ಉಮ್ಮ ಕಳಿಸಿದ ನೈಚೋರಿನ, ಅಂದರೆ ತುಪ್ಪದನ್ನದ, ದೊಡ್ಡ ಪಾತ್ರೆ. ಯುದ್ಧಭೂಮಿಯಲ್ಲಾದರೂ ಸರಿ, ಪುದಿಯಾಪ್ಲೆ ಹಸಿದಿರಬಾರದು. ನೌಫಲನ ಇಬ್ಬರು ಗೆಳೆಯರು ಮೂಡುಬಿದಿರೆಯಿಂದ ನೇರ ಬೈಕಿನಲ್ಲಿ ಬರುವುದೆಂದಾಗಿತ್ತು.

ಬಂಟ್ವಾಳ ದಾಟಿದ ಮೇಲೆ ಒಂದು ಪವಾಡ ನಡೆಯಿತು. ನೌಫಲ್ ತಾನಾಗಿಯೇ ಬಾಯಿಬಿಟ್ಟ.

"ಭಾವ, ಇದರಲ್ಲಿ ಎರಡು ಜಾತಿ ಉಂಟು. ಒಂದು, ಮೋಜಿಗೆ ಆಡುವುದು. ಕಾಡಿನಲ್ಲಿ, ಪೊದೆಯಲ್ಲಿ, ಅಡಗಿ ಕುಳಿತು ಎಷ್ಟು ಹೊತ್ತು ಬೇಕಾದರೂ ಆಡಬಹುದು. ಇನ್ನೊಂದು, ಟೂರ್ನಮೆಂಟು. ಅದಕ್ಕೆ ಬಯಲು ಬೇಕು. ಗಾಳಿ ತುಂಬಿದ ಗೋಡೆಗಳು, ಆ ಕಡೆ ಎಷ್ಟೋ ಈ ಕಡೆಯೂ ಅಷ್ಟೇ, ಕನ್ನಡಿಯ ಹಾಗೆ. ಕೆಲವೇ ನಿಮಿಷ. ಕಾಡಿನಲ್ಲಿ ಅದೃಷ್ಟ ಇದ್ದವ ಗೆಲ್ತಾನೆ. ಬಯಲಿನಲ್ಲಿ ಆಟ ಗೊತ್ತಿದ್ದವ ಗೆಲ್ತಾನೆ."

ಅವನ ಕಣ್ಣು ಹೊಳೆಯುತ್ತಿತ್ತು. ಕೋವಿಗೆ ಬಣ್ಣ ತಾಗಿದರೂ ಔಟಂತೆ. ಗುಂಡು ಒಡೆಯದೆ ಪುಟಿದರೆ ಔಟಲ್ಲವಂತೆ. ಮೈಗೆ ಬಿದ್ದ ಬಣ್ಣವನ್ನು ಯಾರಿಗೂ ಕಾಣದಂತೆ ಒರೆಸಿಕೊಂಡು ಆಡುವುದಿದೆಯಲ್ಲ, ಅದಕ್ಕಿಂತ ದೊಡ್ಡ ಹರಾಮು ಆ ಆಟದಲ್ಲಿ ಇಲ್ಲವಂತೆ.

ಮಾತು ಮುಂದುವರಿಯಲಿ ಎಂದು ನಾನು ಬುದ್ಧಿವಂತಿಕೆಯ ಒಂದು ಪ್ರಶ್ನೆ ಹಾಕಿದೆ. "ಅಂದರೆ ಡಿಸ್ಟೆಂಪರ್ ಮತ್ತು ಎಮಲ್ಶನ್ ಇದ್ದ ಹಾಗೆ ಅಲ್ಲವಾ? ಎರಡೂ ಪೇಂಟೇ."

ನೌಫಲ್ ನನ್ನನ್ನು ಒಮ್ಮೆ ನೋಡಿದ. "ಇಲ್ಲ ಭಾವ. ಇಲ್ಲಿ ಗೋಡೆಯೇ ಬೇರೆ." ಆಮೇಲೆ ಕೇಳಿದ, "ನಾವು ಹೋಗುವಲ್ಲಿ ಯಾವುದು?"

ಆ ಮುಖದಲ್ಲಿ ಮದುವೆಯ ನಂತರ ಮೊದಲ ಸಲ ಆಸೆ ಕಂಡಿತ್ತು. ಅದರ ಎದುರು ಸತ್ಯ ಹೇಳುವುದು ಹೇಗೆ?

"ಟೂರ್ನಮೆಂಟೇ!" ಎಂದೆ.

ಮಡಂತ್ಯಾರಿನಲ್ಲಿ ಚಾ ಕುಡಿಯುವ ನೆಪದಲ್ಲಿ ಜೀಪು ನಿಲ್ಲಿಸಿ, ಹೋಟೆಲಿನ ಹಿಂದೆ ಹೋಗಿ ಕೇಶವಣ್ಣನಿಗೆ ಫೋನು ಮಾಡಿದೆ.

"ಕೇಶವಣ್ಣ, ನಿಮ್ಮ ತೋಟವನ್ನು ಟೂರ್ನಮೆಂಟು ಮಾಡ್ಲಿಕ್ಕೆ ಆಗ್ತದಾ?"

"ಯಾವಾಗಕ್ಕೆ?"

"ಈಗ."

"ಎಂತೆಲ್ಲ ಬೇಕು ಅದಕ್ಕೆ?"

"ಬಯಲು ಬೇಕು. ಗಾಳಿ ತುಂಬಿದ ಗೋಡೆ ಬೇಕು. ಎರಡು ಕಡೆಯೂ ಕನ್ನಡಿಯ ಹಾಗೆ ಇರಬೇಕು. ಒಬ್ಬ ರೆಫ್ರಿ ಬೇಕು."

"ರೆಫ್ರಿ ನಾನೇ ಆಗ್ತೇನೆ," ಎಂದರು ಕೇಶವಣ್ಣ. "ಗಾಳಿಯದ್ದು ನೋಡುವ. ನೀವು ಎರಡೆರಡು ಚಾ ಕುಡಿದು ಬನ್ನಿ."

ಕುಡಿದು ಹೋದೆವು. ಕೇಶವಣ್ಣ ಸಾಮಾನ್ಯರಲ್ಲ! ರಬ್ಬರ್ ಶೀಟು ಒಣಗಿಸುವ ಅಂಗಳವನ್ನೇ ಕ್ರೀಡಾಂಗಣ ಮಾಡಿಬಿಟ್ಟಿದ್ದರು. ಗಾಳಿ ತುಂಬಿದ ಗೋಡೆಯ ಜಾಗದಲ್ಲಿ ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬುಗಳು. ಆ ಕಡೆ ಒಂದು ಹಳೆ ನೀರಿನ ಟ್ಯಾಂಕಿ, ಈ ಕಡೆ ಒಂದು ಹಳೆ ನೀರಿನ ಟ್ಯಾಂಕಿ. ಎರಡು ಕಡೆಯೂ ಹಗ್ಗದಲ್ಲಿ ಸಾಲಾಗಿ ತೂಗುವ ರಬ್ಬರ್ ಶೀಟುಗಳು. ಆ ಕಡೆ ಒಂದು ಹಲಸಿನ ಮರ. ಈ ಕಡೆ ಹಲಸಿನ ಮರ ಇರಲಿಲ್ಲ. ಆದ್ದರಿಂದ ಒಂದು ಏಣಿ ನಿಲ್ಲಿಸಿ ಗೋಣಿ ಹೊದಿಸಿದ್ದರು.

"ಕನ್ನಡಿ ಸ್ವಲ್ಪ ಒಡೆದಿದೆ ಅಂತ ತಿಳ್ಕೊಳ್ಳಿ," ಎಂದು ನೌಫಲನಿಗೆ ವಿವರಿಸಿದರು. ಕೊರಳಿಗೆ ಸೀಟಿ, ಬಗಲಿಗೆ ಒಂದು ಕೋವಿ. ಅಂಥ ಸಶಸ್ತ್ರ ರೆಫ್ರಿಯನ್ನು ದುಬೈಯವರೂ ಕಂಡಿರಲಿಕ್ಕಿಲ್ಲ.

"ಚೆನ್ನಾಗಿದೆ," ಎಂದ ನೌಫಲ್. ಉಮ್ಮ ನಾಲ್ಕನೇ ಪತ್ತಿರಿ ರೊಟ್ಟಿ ಬಡಿಸಿದಾಗ ಹೇಳುತ್ತಿದ್ದ ಅದೇ ಸ್ವರ.

ನೌಫಲ್ ಮತ್ತು ಬೈಕಿನಲ್ಲಿ ಬಂದಿದ್ದ ಅವನ ಇಬ್ಬರು ಗೆಳೆಯರು ಒಂದು ತಂಡ, ನಾವು ನಾಲ್ವರು ಇನ್ನೊಂದು ತಂಡ ಎಂದಾಯಿತು; ಎಲ್ಲರೂ ಮುಖಕ್ಕೆ ಮುಖವಾಡ ಕಟ್ಟಿಕೊಂಡೆವು. ಆಟಕ್ಕೆ ಮುಂಚೆ ಅದ್ದು ಮಾಮ ನಮ್ಮ ತಂಡವನ್ನು ಟ್ಯಾಂಕಿಯ ಹಿಂದೆ ಕರೆದು ಆದೇಶ ಹೊರಡಿಸಿದರು.

"ಎಲ್ಲರೂ ಕೇಳಿ. ಆ ಇಬ್ಬರು ಗೆಳೆಯರಿಗೆ ಎಷ್ಟು ಬೇಕಾದರೂ ಹೊಡೆಯಿರಿ. ಪುದಿಯಾಪ್ಲೆಯ ಮೈಗೆ ಒಂದು ಚುಕ್ಕಿ ಬೀಳಬಾರದು. ನಾಳೆ ಮೂಡುಬಿದಿರೆಯವರು ಕೇಳಿದರೆ ಉತ್ತರ ಕೊಡುವವರು ಯಾರು?"

"ಮಾಮ, ಆಟ ಅಲ್ಲವಾ?" ಎಂದೆ.

"ಆಟ ಮುಗಿದ ಮೇಲೆ ಸಂಬಂಧ ಉಂಟಲ್ಲವಾ?" ಎಂದರು.

ಸೀಟಿ ಮೊಳಗಿತು. ನೌಫಲ್ ಬಂದ ರೀತಿಯನ್ನು ನಾನು ವರ್ಣಿಸಲಾರೆ. ನಮ್ಮ ಮನೆಯಲ್ಲಿ ಕುರ್ಚಿಯಿಂದ ಏಳಲು ಕಷ್ಟಪಡುತ್ತಿದ್ದ ಮನುಷ್ಯ ಚಿರತೆಯಂತೆ ಬಗ್ಗಿ, ಟ್ಯೂಬಿನಿಂದ ಟ್ಯೂಬಿಗೆ ಹಾರಿ, ಕಣ್ಣು ಮಿಟುಕಿಸುವಷ್ಟರಲ್ಲಿ ಅರ್ಧ ಅಂಗಳ ದಾಟಿದ್ದ. ಮಾಮ ಅಡಗಿದ್ದ ಟ್ಯಾಂಕಿಯ ಎದುರಿಗೇ ಬಂದ.

ಅದ್ದು ಮಾಮ ಎದ್ದು ನಿಂತರು!

ಪುದಿಯಾಪ್ಲೆ ಬಂದಾಗ ಕುಳಿತೇ ಇರುವುದು ಹೇಗೆ? ಕೋವಿ ಕೆಳಗಿಟ್ಟು, ಎದೆಯ ಮೇಲೆ ಕೈಯಿಟ್ಟು, "ಬನ್ನಿ, ಬನ್ನಿ" ಎಂದರು. ಟಪ್! ಹೊಟ್ಟೆಯ ಮೇಲೆ ಹಳದಿ. ಮಾಮ ಔಟ್.

ಸಫಿಯಾಳ ತಮ್ಮಂದಿರು ಏಣಿಯ ಹಿಂದಿದ್ದರು. ಅವರೂ ಸಭ್ಯರು. ನೌಫಲ್ ಆ ಕಡೆ ತಿರುಗಿದ್ದೇ ತಡ, ಇಬ್ಬರೂ ಎದ್ದರು. ಟಪ್, ಟಪ್.

ನಾನು ರಬ್ಬರ್ ಶೀಟುಗಳ ಮರೆಯಲ್ಲಿದ್ದೆ. ಅವನು ಹೊಡೆದ ಗುಂಡುಗಳು ತೂಗುವ ಶೀಟಿಗೆ ತಾಗಿ, ಒಡೆಯದೆ ಹಿಂದಕ್ಕೆ ಪುಟಿದು ಅಂಗಳದಲ್ಲಿ ಉರುಳಿದವು. ನಾನು ಅಜೇಯನಾಗಿದ್ದೆ! ಹೀಗೇ ಸಂಜೆಯವರೆಗೂ ಇರಬಹುದಿತ್ತು. ಆದರೆ ಅವನು ಶೀಟು ಸರಿಸಿ ಮುಖ ತೋರಿಸಿದ. ಏಳಬಾರದು ಎಂದು ನಾನು ಖಂಡಿತವಾಗಿ ತೀರ್ಮಾನಿಸಿದ್ದೆ. ಕಾಲುಗಳಿಗೆ ಆ ವಿಷಯ ಗೊತ್ತಿರಲಿಲ್ಲ. ಎದ್ದವು. ಟಪ್.

ಅಂಗಳದ ಹೊರಗೆ ಬಂದು ಮುಖವಾಡ ತೆಗೆದ ನೌಫಲ್ ಕೇಳಿದ, "ಯಾಕೆ ಎದ್ದು ನಿಲ್ತೀರಿ?"

"ನೀವು ಬಂದಿರಲ್ಲ!" ಎಂದರು ಮಾಮ.

ಎರಡನೆಯ ಆಟಕ್ಕೆ ಮುಂಚೆ ನೌಫಲ್ ನಮಗೆಲ್ಲ ಮೆತ್ತಗೆ ತಿಳಿಹೇಳಿದ. ಕೂತಲ್ಲೇ ಕೂರಬೇಕು, ನನಗೆ ಹೊಡೆಯಬೇಕು, ಹೊಡೆಯದಿದ್ದರೆ ಆಟವೇ ಅಲ್ಲ. ನಾವೆಲ್ಲ ತಲೆಯಾಡಿಸಿದೆವು. ಈ ಸಲ ಯಾರೂ ಏಳಲಿಲ್ಲ. ಕೂತಲ್ಲೇ ಕೂತು, ಅವನು ಬಂದ ಕೂಡಲೇ ಕಣ್ಣು ಮುಚ್ಚಿ, ಕೋವಿಯನ್ನು ಆಕಾಶಕ್ಕೆತ್ತಿ ಟ್ರಿಗರ್ ಒತ್ತಿದೆವು. ಎಲ್ಲರಿಗಿಂತ ಜೋರಾಗಿ ಒತ್ತಿದವರು ಮಾಮ. ಅಂಗಳದ ಅಂಚಿನ ರಬ್ಬರ್ ಮರಗಳಿಗೆ ಹಾಲು ಇಳಿಯಲು ಕಟ್ಟಿದ್ದ ತೆಂಗಿನ ಗೆರಟೆಗಳು ಒಂದೊಂದಾಗಿ ಹಾರಿದವು.

"ಅಯ್ಯೋ, ನನ್ನ ಹಾಲು! ನನ್ನ ಹಾಲು ಮಾರಾಯ್ರೆ!" ರೆಫ್ರಿ ಸೀಟಿ ಊದುವುದನ್ನು ಮರೆತು ತೋಟದ ಕಡೆ ಓಡಿದರು.

ನೌಫಲ್ ಮಧ್ಯ ಅಂಗಳದಲ್ಲಿ ಸುಮ್ಮನೆ ನಿಂತಿದ್ದ. ಮೈಮೇಲೆ ಒಂದು ಚುಕ್ಕಿಯಿಲ್ಲ. ಹೊಗಳಿಕೆಗೆಂದು ನಾನು ಹತ್ತಿರ ಹೋದೆ.

"ಭಾವ," ಎಂದ. "ಬಣ್ಣ ಒರೆಸಿಕೊಳ್ಳುವುದು ಮೋಸ ಅಂತ ಹೇಳಿದೆನಲ್ಲ. ಬೇಕೂಂತ ಹೊಡೆಯದೆ ಬಿಡುವುದೂ ಅದೇ ಮೋಸ. ನಿಮ್ಮ ಮನೆಯಲ್ಲಿ ನನ್ನ ಹತ್ತಿರ ಯಾರೂ ಜಗಳ ಮಾಡುವುದಿಲ್ಲ, ತಮಾಷೆ ಮಾಡುವುದಿಲ್ಲ. ಗಾಜಿನ ಕಪಾಟಿನಲ್ಲಿ ಇಟ್ಟ ಹಾಗೆ ಆಗಿದೆ. ಸಾಕು."

ನನ್ನ ಕಣ್ಣೆದುರು ನಸೀಮಾಳ ಕೆಂಪು ಕಣ್ಣು ಬಂತು. ಮುಗಿಯಿತು. ಇವನು ನಾಳೆಯೇ ಟಿಕೇಟು ಬದಲಾಯಿಸುತ್ತಾನೆ. ಕೋಳಿಯಿಂದ ಅರ್ಧ ಓಡಿದ್ದವನನ್ನು ನಾನು ಬೆಳ್ತಂಗಡಿಯವರೆಗೆ ಕರೆದು ತಂದು ಪೂರ್ತಿ ಓಡಿಸಿದ್ದೆ!

ಆಗ ಅದ್ದು ಮಾಮ ದೂರದಿಂದ ಕೂಗಿದರು. "ಎಂತ ಹೇಳಿದ್ರು ಪುದಿಯಾಪ್ಲೆ?"

"ಸಾಕಂತೆ."

"ಹಾಂ! ಹಾಗಾದರೆ ಇನ್ನೊಂದು ಆಟ ಬೇಕು ಅಂತ. ನಡೀರಿ, ನಡೀರಿ!"

ಹೀಗೆ ಮೂರನೆಯ ಆಟ ಶುರುವಾಯಿತು. ನೌಫಲ್ ಬೇಡವೆನ್ನುವ ಶಕ್ತಿಯೂ ಇಲ್ಲದವನಂತೆ ಒಳಗೆ ಬಂದು ಒಂದು ಟ್ಯೂಬಿನ ಹಿಂದೆ ಕುಳಿತ. ನಾನು ನಿರ್ಧರಿಸಿದೆ: ಏನಾದರಾಗಲಿ, ತಂಗಿಗೋಸ್ಕರ ಇವತ್ತು ನಾನು ನಮ್ಮ ಮನೆಯ ಅಳಿಯನಿಗೆ ಗುಂಡು ಹೊಡೆಯುತ್ತೇನೆ! ಲೋಕದಲ್ಲಿ ಯಾವ ಅಣ್ಣನೂ ಇಷ್ಟು ಒಳ್ಳೆಯ ಮನಸ್ಸಿನಿಂದ ಇಂಥ ಪ್ರತಿಜ್ಞೆ ಮಾಡಿರಲಾರ.

ಶೀಟುಗಳ ಸಂದಿಯಿಂದ ಗುರಿ ಹಿಡಿದೆ. ನನಗೂ ನೌಫಲನಿಗೂ ನಡುವೆ, ಸ್ವಲ್ಪ ಬಲಕ್ಕೆ, ಅದ್ದು ಮಾಮ ಬೆನ್ನು ಬಗ್ಗಿಸಿ ಕುಳಿತಿದ್ದರು. ಬಿಸ್ಮಿಲ್ಲಾ ಹೇಳಿ, ಉಸಿರು ಹಿಡಿದು, ಕಣ್ಣು ಮುಚ್ಚಿ ಟ್ರಿಗರ್ ಒತ್ತಿದೆ. ಕೋವಿ ಭುಜಕ್ಕೆ ಒದೆಯಿತು. ಟಪ್!

ಕಣ್ಣು ಬಿಟ್ಟರೆ ಮಾಮನ ಬೆನ್ನಿನ ಮೇಲೆ ಅಂಗೈಯಗಲ ಹಳದಿ.

"ಯಾವನವ, ಬೆನ್ನಿಗೆ ಹೊಡೆದವ!" ಮಾಮ ಸಿಡಿದೆದ್ದರು. ಹಳೆಯ ಮರದ ವ್ಯಾಪಾರಿ ಒಳಗಿನಿಂದ ಹೊರಬಂದ. ಲಾರಿಯವರಿಗೆ ಬಯ್ಯುತ್ತಿದ್ದ ತುಳು ಬೈಗುಳಗಳೆಲ್ಲ ಒಟ್ಟಿಗೆ ಬಂದವು. ಗರ್ರನೆ ಪೂರ್ತಿ ಒಂದು ಸುತ್ತು ತಿರುಗಿದರು. ಕಣ್ಣಿಗೆ ಮೊದಲು ಬಿದ್ದ ಮುಖವಾಡದವನ ಮೇಲೆ ಗುಂಡಿನ ಮಳೆ ಸುರಿಸಿದರು. ಎದೆಗೆ, ಹೊಟ್ಟೆಗೆ, ತೊಡೆಗೆ, ಕೋವಿಗೆ!

ಅದು ಪುದಿಯಾಪ್ಲೆ.

ರಬ್ಬರ್ ಎಲೆ ಬಿದ್ದ ಸದ್ದೂ ಕೇಳಿತು ಎಂದು ಬರೆಯಬೇಕೆನಿಸುತ್ತದೆ. ಎಲೆ ಬಿತ್ತೋ ಇಲ್ಲವೋ ಗೊತ್ತಿ‌ಲ್ಲ. ನೌಫಲ್ ತನ್ನ ಎದೆಯನ್ನೇ ನೋಡಿಕೊಂಡ. ತಲೆಯಿಂದ ಕಾಲಿನವರೆಗೆ ಅರಸಿನದ ನೀರು ಹೊಯ್ದ ಹಾಗಿದ್ದ. ಮೆಲ್ಲಗೆ ಕೈ ಮೇಲೆತ್ತಿದ.

"ಔಟ್!" ಎಂದು ಕೂಗಿದ. ಅಂಥ ಸಂತೋಷದಿಂದ ಔಟಾದವನನ್ನು ನಾನು ಕಂಡಿಲ್ಲ.

ಆದರೆ ಮಾಮನ ಜೀವ ಹೋಗಿತ್ತು. "ಯಾ ಅಲ್ಲಾಹ್, ನಮ್ಮ ಪುದಿಯಾಪ್ಲೆ!" ಎನ್ನುತ್ತ ಹೆಗಲ ಬೈರಾಸು ಎಳೆದು ಒರೆಸಲು ಓಡಿದರು.

"ಮಾಮ, ಬೇಡ! ಒರೆಸಬೇಡಿ!" ನೌಫಲ್ ಹಿಂದಕ್ಕೆ ಹಾರಿದ. "ಒರೆಸಿದರೆ ಮೋಸ ಆಗ್ತದೆ!"

"ಎಂತ ಮೋಸ? ಅಂಗಿ ಹಾಳಾಗ್ತದೆ! ನಿಲ್ಲಿ, ಒಂದು ನಿಮಿಷ ನಿಲ್ಲಿ!"

"ಕೇಶವಣ್ಣ, ಇವರನ್ನು ಹಿಡೀರಿ!"

ಮುಂದೆ ಪುದಿಯಾಪ್ಲೆ, ಹಿಂದೆ ಬೈರಾಸು ಬೀಸುತ್ತ ಮಾಮ, ಅವರ ಹಿಂದೆ ಸೀಟಿ ಊದುತ್ತ ರೆಫ್ರಿ. ಟ್ಯಾಂಕಿಗೆ ಎರಡು ಸುತ್ತು, ಹಲಸಿನ ಮರಕ್ಕೆ ಒಂದು ಸುತ್ತು. ಕೊನೆಗೆ ನೌಫಲ್ ಟ್ರ್ಯಾಕ್ಟರ್ ಟ್ಯೂಬಿಗೆ ಎಡವಿ ಅದರೊಳಗೆ ಬಿದ್ದ. ಮಾಮ ಅವನ ಮೇಲೆಯೇ ಬಿದ್ದರು. ಇಬ್ಬರೂ ಬಲೆಗೆ ಬಿದ್ದ ಮೀನಿನ ಹಾಗೆ ಟ್ಯೂಬಿನೊಳಗೆ ಒದ್ದಾಡುತ್ತಿರುವಾಗ ಮುಖವಾಡದೊಳಗಿನಿಂದ ಒಂದು ಸದ್ದು ಬಂತು. ಅಳುತ್ತಿದ್ದಾನೆ ಎಂದುಕೊಂಡೆ. ನೌಫಲ್ ಹೊಟ್ಟೆ ಹಿಡಿದು ನಗುತ್ತಿದ್ದ!

"ಮಾಮ," ಎಂದ ಏದುಸಿರು ಬಿಡುತ್ತ, "ಇಷ್ಟು ದಿನ ಎಲ್ಲಿದ್ರಿ ನೀವು?"

ಆಮೇಲೆ ನಡೆದ ಊಟದಲ್ಲಿ ನೈಚೋರಿನ ಪಾತ್ರೆಯ ಮುಚ್ಚಳ ತೆಗೆದವನು ನೌಫಲ್. ಬಡಿಸಿದವನೂ ಅವನೇ. ಮಾಮ "ಸಾಕು, ಸಾಕು" ಎಂದರು. ಇನ್ನೆರಡು ಸೌಟು ಹಾಕಿದ.

ಸಂಜೆ ಮನೆಗೆ ಬಂದಾಗ ಪುದಿಯಾಪ್ಲೆಯ ಪದವಿ ರದ್ದಾಗಿತ್ತು. ಒಬ್ಬ ಮನುಷ್ಯನಿಗೆ ಅಷ್ಟು ಗುಂಡು ಹೊಡೆದ ಮೇಲೆ ಪುನಃ ಎದ್ದು ನಿಂತು ಮರ್ಯಾದೆ ಕೊಡುವುದು ಮಾಮನಿಗೆ ಸಾಧ್ಯವಾಗಲಿಲ್ಲ. ಏಳಲು ಸೊಂಟವೂ ಬಿಡುತ್ತಿರಲಿಲ್ಲ. ಚಾವಡಿಯಲ್ಲಿ ಕಾಲು ಚಾಚಿ ಕುಳಿತು, "ಓಯ್ ನೌಫಲ್, ಆ ಫ್ಯಾನು ಸ್ವಲ್ಪ ಜೋರು ಮಾಡು" ಎಂದರು. ನೌಫಲ್ ಮಾಡಿದ. ನಂತರ ಸೀದಾ ಅಡುಗೆಮನೆಗೆ ಹೋಗಿ, ಉಮ್ಮನ ಎದುರು ಮಣೆ ಎಳೆದು ಕುಳಿತು, ಗಂಜಿ ಮತ್ತು ಒಣಮೀನಿನ ಚಟ್ನಿ ಕೇಳಿದ. ಜ್ವರ ಬಂದಿದೆಯೇನೋ ಎಂದು ಉಮ್ಮ ಹಣೆ ಮುಟ್ಟಿ ನೋಡಿದರು.

ಸ್ವಲ್ಪ ಹೊತ್ತಿಗೆ ನಸೀಮಾ ಜಗಲಿಗೆ ಬಂದಳು. ನಾನು ಅವಳ ಮುಖ ನೋಡುವ ಧೈರ್ಯವಿಲ್ಲದೆ ಚಪ್ಪಲಿ ನೋಡುತ್ತಿದ್ದೆ.

"ಅಣ್ಣ, ಟಿಕೇಟು ಇದ್ದ ಹಾಗೇ ಇರಲಿ ಅಂದ್ರು."

"ಆಫೀಸಿನ ಅರ್ಜೆಂಟು?"

"ಅದು ಮುಗೀತಂತೆ." ಅವಳ ನಗು ಮುಚ್ಚಿಡಲಾಗದ್ದು. ಅಷ್ಟು ಹೇಳಿ ಒಳಗೆ ಓಡಿದಳು.

ನಾನು ಬಿಟ್ಟ ಉಸಿರು ಎಷ್ಟು ಉದ್ದವಾಗಿತ್ತೆಂದರೆ ಸಫಿಯಾ ಒಳಗಿನಿಂದ, "ಅದೆಂತ, ಬೈಕಿನ ಗಾಳಿ ಹೋಯಿತಾ?" ಎಂದು ಕೇಳಿದಳು. ಹೆಮ್ಮೆಯಿಂದ ಅವಳನ್ನು ಕರೆದು, ಒದೆ ತಿಂದ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಂಡೆ.

ಮರುದಿನ ಅಂಗಡಿಯಲ್ಲಿ ನನ್ನ ನಾಲಿಗೆಗೆ ಬಿಡುವಿರಲಿಲ್ಲ. ಪೈಪು ಕೇಳಲು ಬಂದವರಿಗೆ, ಮೊಳೆ ಕೇಳಲು ಬಂದವರಿಗೆ, ದಾರಿ ಕೇಳಲು ಬಂದವರಿಗೂ ಹೇಳಿದೆ: ಒಂದೇ ಒಂದು ಗುಂಡು! ಗುರಿ ತಪ್ಪಿರಬಹುದು, ಆದರೆ ಆ ಒಂದು ಗುಂಡಿನಿಂದ ತಂಗಿಯ ಸಂಸಾರದ ಎರಡು ವಾರ ಉಳಿಸಿದವನು ನಾನು. ಮಾಮನ ಮುಂದೆ ಮಾತ್ರ ಇದನ್ನು ಹೇಳಲಾಗದು, ಅದೊಂದೇ ದುಃಖ.

ಮಧ್ಯಾಹ್ನ ಕೇಶವಣ್ಣ ಬಂದರು. ನಾಲ್ಕು ಜನ ಗಿರಾಕಿಗಳ ನಡುವೆ ಕುಳಿತು ನನ್ನ ಕಥೆಯನ್ನು ಕೊನೆಯವರೆಗೂ ಶ್ರದ್ಧೆಯಿಂದ ಕೇಳಿದರು. ಎಲ್ಲರೂ ಹೋದ ಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಹಮೀದಾಕ, ನಿಮ್ಮ ಮಾಮನಿಗೆ ಹೊಡೆದದ್ದು ನಾನು."

"ನೀವು ರೆಫ್ರಿ!"

"ರೆಫ್ರಿಗೆ ಹೊಟ್ಟೆ ಉರಿಯುವುದಿಲ್ಲವಾ? ನನ್ನ ಅಷ್ಟು ಹಾಲು ಚೆಲ್ಲಿದ್ದಾರೆ ಮಾರಾಯ್ರೆ. ಬೆನ್ನು ಎದುರಿಗೇ ಕಂಡಿತು. ತಡೀಲಿಕ್ಕೆ ಆಗ್ಲಿಲ್ಲ."

"ಹಾಗಾದರೆ ನನ್ನ ಗುಂಡು ಎಲ್ಲಿಗೆ ಹೋಯಿತು?"

ಕೇಶವಣ್ಣ ಒಮ್ಮೆ ಗಂಟಲು ಸರಿಮಾಡಿಕೊಂಡರು. "ನಿಮ್ಮ ಕೋವಿಯ ಲಾಕ್ ತೆಗೆದೇ ಇರ್ಲಿಲ್ಲ. ಮೂರು ಆಟದಲ್ಲೂ ನಿಮ್ಮದು ಒಂದು ಗುಂಡೂ ಹೊರಗೆ ಬಂದಿಲ್ಲ. ತುಂಬಿಸಿ ಕೊಟ್ಟ ಡಬ್ಬಿ ಹಾಗೇ ತುಂಬಿ ವಾಪಸು ಬಂದಿದೆ."

ಮೊದಲು ನನಗೆ ಸಮಾಧಾನವೇ ಆಯಿತು. ಸೋದರಮಾವನ ಬೆನ್ನಿಗೆ ಗುಂಡು ಹೊಡೆದ ಪಾಪ ನನ್ನ ತಲೆಯಿಂದ ಇಳಿಯಿತು. ನಸೀಮಾ ನಗುತ್ತಿದ್ದಾಳೆ, ಟಿಕೇಟು ಇದ್ದಲ್ಲೇ ಉಂಟು, ಹೊಡೆದವರು ಯಾರಾದರೇನು? ಕೇಶವಣ್ಣನಿಗೆ ಒಂದು ಚಾ ತರಿಸಿದೆ. ನಾನೂ ಒಂದು ಕುಡಿದೆ.

ಆದರೆ ನನ್ನ ಬಲಭುಜ ಮಾತ್ರ ಕೇಶವಣ್ಣನ ಮಾತನ್ನು ಇನ್ನೂ ಒಪ್ಪಿಲ್ಲ. ಮಳೆಗಾಲ ಬಂದರೆ ಈಗಲೂ ಅಲ್ಲಿ ನೋಯುತ್ತದೆ!